ಕೌಂಟರಿನ ಈಚೆಗೆ ತಿರುಗಿದ ಪರದೆ

ಬ್ಯಾಂಕಿನ ಕಿಟಕಿಯಲ್ಲಿ ಪಾಸ್‌ಬುಕ್ ಕೊಡುತ್ತೀರಿ. ಒಳಗಿದ್ದವರು ಅದನ್ನು ಬಿಡಿಸಿ ಒಂದು ಪೆಟ್ಟಿಗೆಯ ಬಾಯಿಗೆ ಇಡುತ್ತಾರೆ. ಪೆಟ್ಟಿಗೆ ಪುಸ್ತಕವನ್ನು ತಾನೇ ಒಳಗೆಳೆದುಕೊಂಡು, ಕರ್ರ್ ಕರ್ರ್ ಎಂದು ಸದ್ದು ಮಾಡಿ, ಹೊರಗೆ ತಳ್ಳುತ್ತದೆ. ಕಂಪ್ಯೂಟರಿನೊಳಗೆ ನಮ್ಮ ಖಾತೆಯ ಬಗ್ಗೆ ಏನೇನಿದೆಯೋ ನಮಗೆ ಕಾಣುವುದಿಲ್ಲ. ಕೈಗೆ ಬರುವುದು ಆ ನಾಲ್ಕು ಸಾಲು ಮಾತ್ರ. ಕಂತು ಕಟ್ಟಿದ್ದಕ್ಕೂ ಅದೇ ಸಾಕ್ಷಿ, ಬೆಳೆ ಪರಿಹಾರ ಬಂದಿದ್ದಕ್ಕೂ ಅದೇ ಸಾಕ್ಷಿ.

ನಾವು ಕಂಪ್ಯೂಟರಿಗೆ ಹೇಳುವುದು ಇನ್‌ಪುಟ್, ಅದು ನಮಗೆ ಹೇಳುವುದು ಔಟ್‌ಪುಟ್. ಕೀಲಿಮಣೆ, ಮೌಸ್, ಬೆರಳಚ್ಚಿನ ಯಂತ್ರ ಮೊದಲನೆಯ ಗುಂಪು. ಪರದೆ, ಪ್ರಿಂಟರ್, ಸ್ಪೀಕರ್ ಎರಡನೆಯದು. ಶಾಲೆಯ ಪುಸ್ತಕದಲ್ಲಿ ಇಷ್ಟನ್ನು ಪಟ್ಟಿ ಮಾಡಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಆದರೆ ಕಂಪ್ಯೂಟರ್ ತನ್ನ ಮಾತನ್ನು ಯಾವ ಭಾಷೆಯಲ್ಲಿ ಹೇಳುತ್ತದೆ, ಯಾರ ಕಡೆ ಮುಖ ಮಾಡಿ ಹೇಳುತ್ತದೆ ಎನ್ನುವ ಎರಡು ಪ್ರಶ್ನೆ ಆ ಪಟ್ಟಿಯಲ್ಲಿ ಬರುವುದಿಲ್ಲ. ಹಳ್ಳಿಯವರ ಮಟ್ಟಿಗೆ ಇಡೀ ಇತಿಹಾಸ ಇರುವುದು ಆ ಎರಡು ಪ್ರಶ್ನೆಯಲ್ಲೇ.

ಮೊದಲು ಇದ್ದದ್ದು ದೀಪ ಮತ್ತು ಚುಕ್ಕೆ

1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜನರಿಗೆ ತೋರಿಸಿದ ಎನಿಯಾಕ್ ಎಂಬ ಯಂತ್ರ ಒಂದು ದೊಡ್ಡ ಕೋಣೆಯನ್ನೇ ತುಂಬಿಕೊಂಡಿತ್ತು. ಲೆಕ್ಕ ಮುಗಿದ ಮೇಲೆ ಅದು ಉತ್ತರವನ್ನು ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆದು ಕೊಡುತ್ತಿತ್ತು. ನಡುವೆ ಏನಾಗುತ್ತಿದೆ ಎಂದು ತಿಳಿಯಲು ಫಲಕದ ಮೇಲೆ ಸಣ್ಣ ದೀಪಗಳಿದ್ದವು. ಆ ತೂತುಗಳಿಂದ ಅಂಕಿಗಳನ್ನು ಮುದ್ರಿಸಿ ಕೊಡಲು ಮತ್ತೊಂದು ಯಂತ್ರ ಬೇಕಿತ್ತು.

ಎರಡು ವರ್ಷದ ನಂತರ, 1948ರ ಜೂನ್ 21ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಒಂದು ಪುಟ್ಟ ಪ್ರಯೋಗದ ಯಂತ್ರ ತನ್ನೊಳಗೇ ಇಟ್ಟುಕೊಂಡಿದ್ದ ಆದೇಶಗಳಂತೆ 52 ನಿಮಿಷ ಲೆಕ್ಕ ಮಾಡಿತು. ಅದರ ಉತ್ತರ ಬಂದದ್ದು ಹಳೆಯ ಟಿವಿಯಂಥ ಒಂದು ಗಾಜಿನ ಕೊಳವೆಯ ಮುಖದ ಮೇಲೆ. ಅಕ್ಷರವಲ್ಲ, ಅಂಕಿಯೂ ಅಲ್ಲ, ಬರೀ ಹೊಳೆಯುವ ಚುಕ್ಕೆಗಳ ಸಾಲು. ಕಟ್ಟಿದವರಿಗೆ ಮಾತ್ರ ಅದು ಉತ್ತರ, ಉಳಿದವರಿಗೆ ಮಿಣುಕು.

ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ತಾವೇ ಕಟ್ಟಿ 1960ರಲ್ಲಿ ಕೆಲಸಕ್ಕೆ ಹಚ್ಚಿದ ಟಿಫ್ರಾಕ್ ಯಂತ್ರಕ್ಕೂ ಅಂಥದೇ ಕೊಳವೆಯ ಪರದೆ ಇತ್ತು. ಅದನ್ನು ನೋಡುತ್ತಿದ್ದವರು ವಿಜ್ಞಾನಿಗಳು.

ಕಚೇರಿಗಳಿಗೆ ಬೇಕಿದ್ದದ್ದು ಪರದೆಯಲ್ಲ, ಕಾಗದ. ಸಂಬಳದ ಪಟ್ಟಿ, ಬಿಲ್ಲು, ವಿಮೆಯ ಲೆಕ್ಕ ಇವೆಲ್ಲ ಸಾವಿರ ಸಾವಿರ ಹಾಳೆ ಮುದ್ರಣವಾಗಬೇಕಿತ್ತು. ಅದಕ್ಕೆಂದು ಐಬಿಎಂ ಕಂಪನಿ 1959ರಲ್ಲಿ 1403 ಎಂಬ ಪ್ರಿಂಟರ್ ತಂದಿತು. ಸೈಕಲ್ ಚೈನಿನ ಹಾಗೆ ಒಂದು ಸರಪಳಿ, ಅದರ ಕೊಂಡಿಗಳ ಮೇಲೆ ಅಕ್ಷರದ ಅಚ್ಚು. ಸರಪಳಿ ಅಡ್ಡಡ್ಡ ಓಡುತ್ತಿರುವಾಗ, ಬೇಕಾದ ಅಕ್ಷರ ಬೇಕಾದ ಜಾಗಕ್ಕೆ ಬಂದ ಕ್ಷಣಕ್ಕೆ ಸರಿಯಾಗಿ ಹಿಂದಿನಿಂದ ಸುತ್ತಿಗೆ ಬೀಳುತ್ತಿತ್ತು. ಒಂದು ಸಾಲಿಗೆ 132 ಅಕ್ಷರ, ನಿಮಿಷಕ್ಕೆ 600 ಸಾಲು. ಆ ಕಾಲಕ್ಕೆ ಅದು ಮಿಂಚು.

ಆದರೆ ಸರಪಳಿಯಲ್ಲಿ ಇದ್ದ ಅಚ್ಚು ಎಷ್ಟು? 48. ಇಂಗ್ಲಿಷಿನ 26 ದೊಡ್ಡ ಅಕ್ಷರ, ಹತ್ತು ಅಂಕಿ, ಒಂದಷ್ಟು ಚಿಹ್ನೆ. ಅದೇ 48ನ್ನು ಐದು ಸಲ ಪೋಣಿಸಿದ್ದರು, ಬೇಗ ಸಿಗಲಿ ಎಂದು. ಇಂಗ್ಲಿಷಿನ ಸಣ್ಣ ಅಕ್ಷರಕ್ಕೇ ಅದರಲ್ಲಿ ಜಾಗವಿರಲಿಲ್ಲ. ಕನ್ನಡದ ವರ್ಣಮಾಲೆಯೇ 49. ಕಾಗುಣಿತ ಸೇರಿಸಿದರೆ ಐನೂರು ದಾಟುತ್ತದೆ, ಒತ್ತಕ್ಷರ ಬಂದರೆ ಲೆಕ್ಕ ಬಿಡಿ. ಕಂಪ್ಯೂಟರ್ ಇಂಗ್ಲಿಷಿನಲ್ಲೇ ಕೆಲಸ ಮಾಡುವುದು ಎಂದು ನಮ್ಮಲ್ಲಿ ಬಹಳ ದಿನ ಒಂದು ನಂಬಿಕೆ ಇತ್ತು. ಕಂಪ್ಯೂಟರಿನ ಒಳಗೆ ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ, ಇರುವುದು ಅಂಕಿ. ಇಂಗ್ಲಿಷ್ ಇದ್ದದ್ದು ಆ ಸರಪಳಿಯ ಮೇಲೆ.

ಸೂಜಿಗಳು ಬಂದವು

ಇದನ್ನು ಮುರಿದದ್ದು ಅಚ್ಚು ಇಲ್ಲದ ಪ್ರಿಂಟರ್. ಬ್ಯಾಂಕಿನಲ್ಲಿ ಕರ್ರ್ ಎನ್ನುವ ಪೆಟ್ಟಿಗೆ ಆ ಜಾತಿಯದು. ಹೆಸರು ಡಾಟ್ ಮ್ಯಾಟ್ರಿಕ್ಸ್, ಅಂದರೆ ಚುಕ್ಕೆಗಳ ಜೋಡಣೆ. ಅದರ ತಲೆಯಲ್ಲಿ ಸೂಜಿಯಂಥ ಸಣ್ಣ ಕಡ್ಡಿಗಳು ಒಂದರ ಕೆಳಗೊಂದು ನಿಂತಿರುತ್ತವೆ. ತಲೆ ಕಾಗದದ ಮೇಲೆ ಎಡದಿಂದ ಬಲಕ್ಕೆ ಓಡುತ್ತದೆ. ಯಾವ ಸೂಜಿ ಯಾವಾಗ ಮುಂದಕ್ಕೆ ಚಿಮ್ಮಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಸೂಜಿ ಶಾಯಿಯ ರಿಬ್ಬನ್ನಿಗೆ ಗುದ್ದಿದರೆ ಕಾಗದದ ಮೇಲೆ ಒಂದು ಚುಕ್ಕೆ. ಅಮ್ಮಂದಿರು ಅಂಗಳದಲ್ಲಿ ಚುಕ್ಕೆ ಇಟ್ಟು ರಂಗೋಲಿ ಬಿಡುತ್ತಾರಲ್ಲ, ಲೆಕ್ಕ ಹಾಗೆಯೇ. ಚುಕ್ಕೆಗೆ ಭಾಷೆ ಇಲ್ಲ. ಅದನ್ನು ಜೋಡಿಸಿದಂತೆ ಏ ಆಗುತ್ತದೆ, ಬಿ ಆಗುತ್ತದೆ, ಅ ಆಗುತ್ತದೆ, ಆ ಆಗುತ್ತದೆ.

ಈ ಪ್ರಿಂಟರುಗಳ ದೊಡ್ಡ ಹೆಸರು ಎಪ್ಸನ್. ಅದರ ಹಿಂದೆ ಒಂದು ಚೆಂದದ ಕಥೆ ಇದೆ. 1964ರ ಟೋಕಿಯೊ ಒಲಿಂಪಿಕ್ಸಿಗೆ ಸೀಕೊ ಗಡಿಯಾರದ ಬಳಗದವರು ಓಟದ ಸಮಯ ಅಳೆದು ಅಲ್ಲೇ ಕಾಗದದ ಮೇಲೆ ಮುದ್ರಿಸುವ ಯಂತ್ರ ಮಾಡಿದರು. ಆ ಅನುಭವದಿಂದ 1968ರಲ್ಲಿ ಇಪಿ-101 ಎಂಬ ಪುಟ್ಟ ಪ್ರಿಂಟರ್ ಹುಟ್ಟಿತು. ಇಪಿ ಎಂದರೆ ಎಲೆಕ್ಟ್ರಾನಿಕ್ ಪ್ರಿಂಟರ್. ಮುಂದಿನ ಯಂತ್ರಗಳು ಅದರ ಮಗ, ಅಂದರೆ ಇಂಗ್ಲಿಷಿನಲ್ಲಿ ‘ಸನ್’. ಇಪಿಯ ಸನ್ ಎಪ್ಸನ್ ಆಯಿತು. 1980ರ ಹೊತ್ತಿಗೆ ಬಂದ ಅವರ ಒಂಬತ್ತು ಸೂಜಿಯ ಎಂಎಕ್ಸ್-80 ಸಣ್ಣ ಕಂಪ್ಯೂಟರುಗಳ ಜೊತೆ ಲೋಕವೆಲ್ಲ ಸುತ್ತಿತು.

ಒಂಬತ್ತು ಸೂಜಿ ಇಂಗ್ಲಿಷಿಗೆ ಸಾಕು. ಕನ್ನಡಕ್ಕೆ? ‘ಲಕ್ಷ್ಮೀ’ ಎಂದು ಬರೆದು ನೋಡಿ. ನಡುವೆ ಕ, ಅದರ ಕೆಳಗೆ ಷ, ಮತ್ತೆ ಮ, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಇಂಗ್ಲಿಷ್ ಅಕ್ಷರ ಒಂದಂತಸ್ತಿನ ಮನೆಯಾದರೆ ನಮ್ಮದು ನೆಲಮಾಳಿಗೆ, ಮಧ್ಯದ ಅಂತಸ್ತು, ಮೇಲೆ ಅಟ್ಟ. ಒಂಬತ್ತು ಚುಕ್ಕೆಯ ಎತ್ತರದಲ್ಲಿ ಈ ಮೂರನ್ನೂ ತುರುಕಿದರೆ ಒತ್ತು ಯಾವುದು, ಗುಡಿಸು ಯಾವುದು ತಿಳಿಯುವುದಿಲ್ಲ. ಹಾಗಾಗಿ ಒಂದು ಸಾಲಿಗೆ ತಲೆಯನ್ನು ಎರಡು ಮೂರು ಸಲ ಓಡಿಸಬೇಕು. ಅಕ್ಷರವನ್ನು ಅಕ್ಷರವಾಗಿ ಅಲ್ಲ, ಚಿತ್ರವಾಗಿ ಕಳಿಸಬೇಕು. ಇಂಗ್ಲಿಷ್ ಹಾಳೆ ಸರಸರ ಬಂದರೆ ಕನ್ನಡ ಹಾಳೆ ತೆವಳಿಕೊಂಡು ಬರುತ್ತಿತ್ತು. 24 ಸೂಜಿಯ ತಲೆಗಳು ಬಂದ ಮೇಲೆ ಅಕ್ಷರ ಕಣ್ಣಿಗೆ ಹಿತವಾಯಿತು.

ಪರದೆಗೂ ಇದೇ ತೊಂದರೆ. 1980ರ ದಶಕದ ಕಂಪ್ಯೂಟರುಗಳ ಪರದೆಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೇ ಅಳತೆಯ ಚೌಕ, ಅದರೊಳಗೆ ಇಂಗ್ಲಿಷ್ ಮಾತ್ರ. ಕಾನ್ಪುರದ ಐಐಟಿಯಲ್ಲಿ ಭಾರತೀಯ ಲಿಪಿಗಳಿಗಾಗಿ ನಡೆದ ಕೆಲಸ ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ‘ಜಿಸ್ಟ್’ ಕಾರ್ಡ್ ಆಯಿತು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಒಂದು ಹಲಗೆಯಂಥ ಕಾರ್ಡನ್ನು ಸಿಕ್ಕಿಸಿದರೆ ಅದೇ ಪರದೆಯಲ್ಲಿ ಕನ್ನಡ, ತಮಿಳು, ದೇವನಾಗರಿ ಮೂಡುತ್ತಿದ್ದವು. ಇದರ ಹಿಂದಿನ ಜಾಣತನ ಈಗಲೂ ಮೆಚ್ಚಬೇಕಾದ್ದು. ನಮ್ಮ ‘ಕ’ಕ್ಕೂ ಹಿಂದಿಯ ‘ಕ’ಕ್ಕೂ ತೆಲುಗಿನ ‘ಕ’ಕ್ಕೂ ಒಳಗೆ ಒಂದೇ ಸಂಖ್ಯೆ. ಲಿಪಿ ಬದಲಿಸಿದರೆ ಅದೇ ಹೆಸರು ಇನ್ನೊಂದು ಲಿಪಿಯಲ್ಲಿ ಕಾಣುತ್ತಿತ್ತು. ಈ ಸಂಖ್ಯೆಗಳ ಪಟ್ಟಿಯನ್ನು 1991ರಲ್ಲಿ ಭಾರತೀಯ ಮಾನಕ ಬ್ಯೂರೊ ಇಸ್ಕಿ ಎಂಬ ಹೆಸರಿನಲ್ಲಿ ಒಪ್ಪಿತು.

ಡಾಟ್ ಮ್ಯಾಟ್ರಿಕ್ಸ್ ಇನ್ನೂ ಯಾಕೆ ಸತ್ತಿಲ್ಲ ಎಂದು ಕೇಳುವವರಿದ್ದಾರೆ. ಅದು ಗುದ್ದಿ ಬರೆಯುತ್ತದೆ. ಗುದ್ದಿದರೆ ಕಾರ್ಬನ್ನಿನ ಕೆಳಗಿನ ಹಾಳೆಗೂ ಅಚ್ಚು ಬೀಳುತ್ತದೆ, ಮೂರು ಪ್ರತಿ ಒಂದೇ ಏಟಿಗೆ. ದಪ್ಪ ಪಾಸ್‌ಬುಕ್ಕಿನ ಮೇಲೂ ಬರೆಯುತ್ತದೆ. ರಿಬ್ಬನ್ ಅಗ್ಗ, ಧೂಳಿಗೆ ಹೆದರುವುದಿಲ್ಲ. ನಮ್ಮೂರಿನ ಕಚೇರಿಗಳಿಗೆ ಇನ್ನೇನು ಬೇಕು?

ಕಾಗದ ಚೆಂದ, ಒಳಗೆ ಗೊಂದಲ

ಲೇಸರ್ ಪ್ರಿಂಟರ್ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ಝೆರಾಕ್ಸ್ ಕಂಪನಿಯಲ್ಲಿದ್ದ ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರ್, ನಕಲು ತೆಗೆಯುವ ಯಂತ್ರದೊಳಗೆ ಲೇಸರ್ ಕಿರಣದಿಂದ ಅಕ್ಷರ ಬರೆಯಬಹುದು ಎಂದರು. ಮೇಲಿನವರಿಗೆ ಅದು ಹಿಡಿಸಲಿಲ್ಲ. ಅವರು 1971ರಲ್ಲಿ ಅದೇ ಕಂಪನಿಯ ಕ್ಯಾಲಿಫೋರ್ನಿಯಾದ ಪ್ರಯೋಗಾಲಯಕ್ಕೆ ಹೋಗಿ ಮಾಡಿ ತೋರಿಸಿದರು. 1977ರಲ್ಲಿ ಅದು ಮಾರಾಟಕ್ಕೆ ಬಂತು, 1984ರಲ್ಲಿ ಎಚ್‌ಪಿ ಕಂಪನಿ ಮೇಜಿನ ಮೇಲೆ ಇಡುವಷ್ಟು ಚಿಕ್ಕದು ಮಾಡಿತು. ಶಾಯಿ ಚಿಮ್ಮಿಸುವ ಇಂಕ್‌ಜೆಟ್ಟಿನ ಒಂದು ಬಗೆ ಹುಟ್ಟಿದ್ದು ಜಪಾನಿನ ಕ್ಯಾನನ್ ಕಂಪನಿಯಲ್ಲಿ, 1977ರಲ್ಲಿ. ಬಿಸಿ ಬೆಸುಗೆ ಕಡ್ಡಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿ ಶಾಯಿ ಚಿಮ್ಮಿತಂತೆ. ಅದನ್ನು ಕಂಡವರು ಸುಮ್ಮನೆ ಒರೆಸಿ ಹಾಕಲಿಲ್ಲ.

ಇಂಚಿಗೆ 300 ಚುಕ್ಕೆ ಇಡುವ ಈ ಯಂತ್ರಗಳಲ್ಲಿ ಕನ್ನಡ ಮುತ್ತಿನ ಹಾಗೆ ಬಂತು. ತಾಲೂಕು ಕೇಂದ್ರದ ಡಿಟಿಪಿ ಅಂಗಡಿಗಳು ಮದುವೆ ಕಾಗದ, ಕರಪತ್ರ, ಜಾತ್ರೆಯ ಪೋಸ್ಟರ್ ಮಾಡಿದವು. ಕೆ.ಪಿ. ರಾವ್ ಅವರ ಸೇಡಿಯಾಪು, ಶೇಷಾದ್ರಿವಾಸು ಅವರು 1998ರಲ್ಲಿ ಬಿಟ್ಟ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಎಲ್ಲ ಈ ಕಾಲದವು.

ಆದರೆ ಒಳಗೊಂದು ಗೊಂದಲ ಬೆಳೆಯುತ್ತಿತ್ತು. ಕಾಗದಕ್ಕೆ ಬೇಕಾದ್ದು ಆಕಾರ ಮಾತ್ರ. ಕಂಪ್ಯೂಟರಿನೊಳಗೆ ‘ಕ’ಕ್ಕೆ ಯಾವ ಸಂಖ್ಯೆ ಕೊಟ್ಟಿದ್ದೀರಿ ಎಂದು ಕಾಗದ ಕೇಳುವುದಿಲ್ಲ. ಹಾಗಾಗಿ ಒಂದೊಂದು ತಂತ್ರಾಂಶದವರು ಒಂದೊಂದು ಲೆಕ್ಕ ಇಟ್ಟುಕೊಂಡರು. ಇಲ್ಲಿ ಟೈಪ್ ಮಾಡಿದ ಅರ್ಜಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಚಿತ್ತಾರ. ಔಟ್‌ಪುಟ್ ಎಂದರೆ ಕಾಗದವೇ ಆಗಿದ್ದಷ್ಟು ದಿನ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಓದುವುದು ಇನ್ನೊಬ್ಬರ ಪರದೆಯಲ್ಲಿ ಎಂದಾದಾಗ ಬಣ್ಣ ಬಯಲಾಯಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಪಹಣಿ ಅಚ್ಚಾಗಿ ಬಂದದ್ದು

ಈಗ ನಮ್ಮ ಹೊಲಕ್ಕೆ ಬರೋಣ.

ಜಮೀನು ಯಾರದು, ಎಷ್ಟು ಎಕರೆ ಎಷ್ಟು ಗುಂಟೆ, ಯಾವ ಮಣ್ಣು, ಯಾವ ಬೆಳೆ, ಅದರ ಮೇಲೆ ಯಾವ ಸಾಲ ಎಂದೆಲ್ಲ ಹೇಳುವ ಕಾಗದ ಪಹಣಿ, ಅಂದರೆ ಆರ್‌ಟಿಸಿ. ಕೈಬರಹದ ಕಾಲದಲ್ಲಿ ಅದು ಗ್ರಾಮ ಲೆಕ್ಕಾಧಿಕಾರಿಯ ದಫ್ತರದಲ್ಲಿ ಇರುತ್ತಿತ್ತು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಾಧಿಕಾರಿಗಳು. ಒಬ್ಬೊಬ್ಬರಿಗೂ ಹಲವು ಹಳ್ಳಿ. ಅವರು ಎಲ್ಲಿ ಸಿಗುತ್ತಾರೆ ಎಂದು ಹುಡುಕುವುದೇ ಒಂದು ಕೆಲಸ. ಸಿಕ್ಕರೂ ದಫ್ತರ ಮನೆಯಲ್ಲಿದೆ, ನಾಳೆ ಬಾ. ಕೈ ಬಿಸಿ ಮಾಡದೆ ನಕಲು ಸಿಗುವುದು ಕಷ್ಟ ಎನ್ನುವುದು ಊರೂರಿನ ಮಾತಾಗಿತ್ತು, ಮುಂದೆ ಈ ವ್ಯವಸ್ಥೆಯನ್ನು ಅಧ್ಯಯನ ಮಾಡಿದವರೂ ಅದನ್ನೇ ಬರೆದರು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ದಫ್ತರದಲ್ಲಿ ಏನು ಬರೆದಿದೆ, ಯಾವಾಗ ತಿದ್ದಿದ್ದಾರೆ ಎಂದು ಜಮೀನಿನ ಒಡೆಯನಿಗೇ ಕಾಣುತ್ತಿರಲಿಲ್ಲ.

ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಇದನ್ನು ಬದಲಿಸಲು ಹೊರಟಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತರು, ತಂತ್ರಾಂಶವನ್ನು ಎನ್‌ಐಸಿಯವರು ಮಾಡಿದರು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ಏರಿಸಿದರು. 2001ರ ಹೊತ್ತಿಗೆ 177 ತಾಲೂಕುಗಳಲ್ಲಿ ಪಹಣಿ ಕೌಂಟರುಗಳು ಶುರುವಾಗತೊಡಗಿದವು. 15 ರೂಪಾಯಿ ಕೊಟ್ಟರೆ ಅಚ್ಚಾದ ಕನ್ನಡ ಪಹಣಿ ಕೈಗೆ. ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಎಂದೂ ಸರ್ಕಾರ ಹೇಳಿತು.

ಈ ಯೋಜನೆಯ ಬಗ್ಗೆ ಬರೆದವರು ಬಹುಮಂದಿ ಬೆರಳಚ್ಚಿನ ಭದ್ರತೆಯನ್ನು, ಮೊದಲು ಬಂದ ಅರ್ಜಿಗೆ ಮೊದಲು ಸರದಿ ಎಂಬ ನಿಯಮವನ್ನು ಹೊಗಳಿದ್ದಾರೆ. ಹೊಗಳಲಿ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಸಾಧಾರಣ ಸಾಮಾನು. ಕೌಂಟರಿನಲ್ಲಿ ಒಂದು ಕಂಪ್ಯೂಟರಿಗೆ ಎರಡು ಪರದೆ. ಒಂದು ನೌಕರನ ಕಡೆಗೆ, ಇನ್ನೊಂದು ಕೌಂಟರಿನ ಈಚೆ ನಿಂತ ರೈತನ ಕಡೆಗೆ. ಒಳಗೆ ಏನು ಒತ್ತುತ್ತಾರೋ ಅದು ಹೊರಗೆ ನಿಂತವನಿಗೂ ಕಾಣುತ್ತದೆ. ಸರ್ವೆ ನಂಬರ್ ಸರಿಯಾಗಿದೆಯೇ, ತನ್ನದೇ ಹೆಸರು ಬಂತೇ ಎಂದು ಅಲ್ಲೇ ನೋಡಬಹುದು. ಓದು ಬರದಿದ್ದರೆ ಪಕ್ಕದವರ ಹತ್ತಿರ ಓದಿಸಬಹುದು. ಕೆಲವು ತಾಲೂಕುಗಳಲ್ಲಿ ಜನರೇ ಬೆರಳಿನಿಂದ ಮುಟ್ಟಿ ನೋಡುವ ಪರದೆಗಳನ್ನೂ ಇಟ್ಟರು. ಹೊಸ ತಂತ್ರಜ್ಞಾನ ಏನೂ ಇಲ್ಲ, ಒಂದು ಮಾನಿಟರನ್ನು ಈಚೆ ಕಡೆಗೆ ತಿರುಗಿಸಿ ಇಟ್ಟದ್ದು ಅಷ್ಟೇ. ಆದರೆ ಸರ್ಕಾರಿ ಕಚೇರಿಯಲ್ಲಿ ದಫ್ತರವನ್ನು ನಮ್ಮ ಕಡೆಗೆ ತಿರುಗಿಸಿ ತೋರಿಸಿದ್ದನ್ನು ನಮ್ಮ ಅಜ್ಜಂದಿರು ಕಂಡಿದ್ದರೇ?

ಅಚ್ಚಾಗಿ ಬಂದದ್ದೆಲ್ಲ ಸರಿ ಎಂದಲ್ಲ. ಏರಿಸುವಾಗ ಹೆಸರಿನ ಒಂದು ಒತ್ತು ಬಿಟ್ಟುಹೋದರೆ ಪಹಣಿಯಲ್ಲಿ ಒಬ್ಬರು, ಆಧಾರ್‌ನಲ್ಲಿ ಇನ್ನೊಬ್ಬರು. ಪಹಣಿಯ 3ನೇ ಕಾಲಂನಲ್ಲಿ ಇರುವ ಒಟ್ಟು ವಿಸ್ತೀರ್ಣಕ್ಕೂ 9ನೇ ಕಾಲಂನಲ್ಲಿ ಒಡೆಯರ ಹೆಸರಿನ ಮುಂದಿರುವ ವಿಸ್ತೀರ್ಣಕ್ಕೂ ತಾಳೆಯಾಗದೆ ತಿದ್ದುಪಡಿಗೆ ಅಲೆಯುವವರು ಈಗಲೂ ಇದ್ದಾರೆ. ಹಳೆಯ ಕೈಬರಹದಲ್ಲಿ ಒಂದು ಗೀಟು ಹೊಡೆದು ಮೇಲೆ ಬರೆದರೆ ಅನುಮಾನ ಬರುತ್ತಿತ್ತು. ಪ್ರಿಂಟರ್ ಸರಿಯನ್ನೂ ತಪ್ಪನ್ನೂ ಒಂದೇ ಚೆಂದದಲ್ಲಿ ಬರೆಯುತ್ತದೆ. ಪಹಣಿ ಕೈಗೆ ಬಂದ ಕೂಡಲೇ ಮಡಚಿ ಜೇಬಿಗೆ ಹಾಕಬೇಡಿ. 9ನೇ ಕಾಲಂನ ಹೆಸರು ಮತ್ತು 11ನೇ ಕಾಲಂನ ಸಾಲದ ವಿವರ ಎರಡನ್ನಾದರೂ ಅಲ್ಲೇ ನಿಂತು ಓದಿ. ತೀರಿಸಿದ ಸಾಲ 11ರಲ್ಲಿ ಹಾಗೇ ಕೂತಿದ್ದರೆ ಮುಂದಿನ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ.

ಡೇರಿಯ ಅಂಕಿ, ಮಾಸುವ ಚೀಟಿ

ತಿರುಗಿದ ಪರದೆ ಇನ್ನೊಂದು ಕಡೆಯೂ ಇದೆ, ನಾವು ಗಮನಿಸುವುದಿಲ್ಲ. ಹಾಲಿನ ಡೇರಿಗೆ ಬೆಳಿಗ್ಗೆ ಕ್ಯಾನ್ ಹಿಡಿದು ಹೋದಾಗ ತೂಕದ ಅಂಕಿ, ಫ್ಯಾಟಿನ ಅಂಕಿ ಕೆಂಪು ದೀಪದಲ್ಲಿ ಹೊಳೆಯುತ್ತವಲ್ಲ, ಅದೂ ಔಟ್‌ಪುಟ್ ಸಾಧನವೇ. ಅದು ಹಾಲು ಹಾಕುವವರ ಕಡೆಗೆ ತಿರುಗಿದೆಯೋ, ಬರೆದುಕೊಳ್ಳುವವರ ಕಡೆಗೆ ಮಾತ್ರ ತಿರುಗಿದೆಯೋ ಎನ್ನುವುದರ ಮೇಲೆ ಬಹಳ ನಿಂತಿದೆ. ಈಚೆಗೆ ತಿರುಗಿಸಿ ಎಂದು ಕೇಳುವುದು ಜಗಳವಲ್ಲ.

ಡೇರಿಯ ಚೀಟಿ, ಬಸ್ಸಿನ ಟಿಕೆಟ್, ಎಟಿಎಂ ರಸೀದಿ ಬಹುಪಾಲು ಬರುವುದು ಥರ್ಮಲ್ ಪ್ರಿಂಟರಿನಿಂದ. ಅದರಲ್ಲಿ ಶಾಯಿಯೇ ಇಲ್ಲ. ಕಾಗದದ ಮೇಲೆ ಬಿಸಿ ತಾಗಿದರೆ ಕಪ್ಪಾಗುವ ಲೇಪ ಇರುತ್ತದೆ, ಪ್ರಿಂಟರಿನ ತಲೆ ಚುಕ್ಕೆ ಚುಕ್ಕೆಯಾಗಿ ಬಿಸಿ ಮುಟ್ಟಿಸುತ್ತದೆ. ಉಗುರಿನಿಂದ ಗೀರಿ ನೋಡಿ, ಕಪ್ಪು ಗೆರೆ ಮೂಡಿದರೆ ಅದು ಆ ಕಾಗದವೇ. ಬಿಸಿಲು, ಬೆವರು, ಎಣ್ಣೆ ತಾಗಿದರೆ ಕೆಲವೇ ತಿಂಗಳಲ್ಲಿ ಬಿಳಿ ಹಾಳೆ. ಸಾಕ್ಷಿಗೆ ಬೇಕಾದ ಚೀಟಿಯಾದರೆ ಅವತ್ತೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ, ಇಲ್ಲವೇ ಜೆರಾಕ್ಸ್ ಮಾಡಿಸಿ. ಪ್ಲಾಸ್ಟಿಕ್ ಹಾಳೆಯೊಳಗೆ ಬಿಸಿ ಮಾಡಿ ಲ್ಯಾಮಿನೇಷನ್ ಮಾಡಿಸಲು ಹೋಗಬೇಡಿ, ಪೂರಾ ಕಪ್ಪಾಗುತ್ತದೆ.

ಕೈಯಲ್ಲಿರುವ ಪರದೆ

ಆಗ ಬಿಟ್ಟ ಮಾತಿಗೆ ಬರುತ್ತೇನೆ. ಲೋಕದ ಎಲ್ಲ ಲಿಪಿಗಳಿಗೂ ಒಂದೇ ಸಂಖ್ಯೆಪಟ್ಟಿ ಇರಲಿ ಎಂದು 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರವಿನ್ಯಾಸ ಬಂತು. ಆದರೂ ಹಳ್ಳಿಗೆ ಸ್ಮಾರ್ಟ್ ಫೋನ್ ಬಂದ ಮೊದಲ ದಿನಗಳು ನೆನಪಿರಬಹುದು. ಯಾರೋ ಕನ್ನಡದಲ್ಲಿ ಕಳಿಸಿದರೆ ನಮ್ಮ ಫೋನಿನಲ್ಲಿ ಸಾಲು ಸಾಲು ಖಾಲಿ ಡಬ್ಬಿ. ಒಳಗೆ ಸಂಖ್ಯೆ ಸರಿಯಾಗಿಯೇ ತಲುಪಿತ್ತು, ಪರದೆಗೆ ಅದನ್ನು ಬರೆಯಲು ಅಕ್ಷರ ಗೊತ್ತಿರಲಿಲ್ಲ. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳ ಸೇರಿದವು. ಹೊಸ ಫೋನುಗಳು ಬಂದಂತೆ ಡಬ್ಬಿಗಳು ಮಾಯವಾದವು. ಸರಪಳಿಯ 48 ಅಚ್ಚಿನಿಂದ ಇಲ್ಲಿಗೆ 53 ವರ್ಷ.

ಈಗ ಅದೇ ಪಹಣಿಯನ್ನು ಫೋನಿನಲ್ಲೇ ನೋಡಬಹುದು. ದಿಶಾಂಕ್ ಆ್ಯಪಿನಲ್ಲಿ ಹೊಲದಲ್ಲಿ ನಿಂತು ಸರ್ವೆ ನಂಬರ್ ಯಾವುದು ಎಂದು ನಕ್ಷೆಯಲ್ಲಿ ನೋಡಬಹುದು. ಕೌಂಟರಿನ ಈಚೆಗೆ ತಿರುಗಿದ್ದ ಪರದೆ ಕೌಂಟರನ್ನೇ ಬಿಟ್ಟು ನಮ್ಮ ಜೇಬಿಗೆ ಬಂದಿದೆ.

ಎಲ್ಲರ ಜೇಬಿಗೆ ಅಲ್ಲ. ಓದು ಬರದ ಅಜ್ಜಿಗೆ, ಕಣ್ಣು ಕಾಣದವರಿಗೆ ಪರದೆ ಎಷ್ಟು ಹೊಳೆದರೂ ಅಷ್ಟೇ. ಅವರಿಗೆ ಬೇಕಾದ ಔಟ್‌ಪುಟ್ ಧ್ವನಿ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಶುರುಮಾಡಿದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕಂಪ್ಯೂಟರಿನ ಪರದೆಯಲ್ಲಿರುವುದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಉಚ್ಚಾರ ಕೇಳಿದರೆ ನಗು ಬರಬಹುದು, ಅರ್ಥ ಮಾತ್ರ ತಿಳಿಯುತ್ತದೆ. ಆದರೆ ಅವು ಓದುವುದು ಅಕ್ಷರವಾಗಿ ಕಳಿಸಿದ್ದನ್ನು. ನೋಟೀಸಿನ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಅವಕ್ಕೆ ಅದು ಬರೀ ಚಿತ್ರ. ಪಂಚಾಯ್ತಿ ಗುಂಪಿನಲ್ಲಿ ಗ್ರಾಮಸಭೆಯ ತಾರೀಕು ಹಾಕುವವರು ಫೋಟೊದ ಕೆಳಗೆ ಎರಡು ಸಾಲು ಟೈಪ್ ಮಾಡಿದರೆ ಅದೂ ಓದಲು ಸಿಗುತ್ತದೆ.